ಸೊಪ್ಪು ಹೋದ ದಾರಿ



ಬೆಳಗಿನ ಐದೂವರೆ ಗಂಟೆ ಅಂದುಕೊಳ್ಳಿ. ಕೊಳ್ಳೇಗಾಲದ ಹೊರಗಿನ ಒಂದು ಸಣ್ಣ ದಾರಿ. ಇನ್ನೂ ಮಬ್ಬುಗತ್ತಲು. ಎದುರಿನಿಂದ ಒಂದು ದೊಡ್ಡ ಪೊದೆ ನಿಮ್ಮ ಕಡೆಗೇ ಬರುತ್ತಿದೆ. ಪೊದೆ ಬರುವುದೆಂದರೇನು ಎಂದು ನೀವು ಬ್ರೇಕು ಹಿಡಿಯುತ್ತೀರಿ. ಹತ್ತಿರವಾದಾಗ ಚೈನಿನ ಕಿರಕಿರ ಕೇಳುತ್ತದೆ. ಪೊದೆಯ ಅಡಿಯಲ್ಲಿ ಎರಡು ಚಕ್ರ, ಮುಂದೆ ಒಂದು ಟವಲು ಸುತ್ತಿದ ತಲೆ. ಎಲೆಗೆ ಎಲೆ ಉಜ್ಜಿ ಸರಸರ ಅನ್ನುತ್ತ ಅದು ನಿಮ್ಮನ್ನು ದಾಟಿ ಹೋಗುತ್ತದೆ. ಆಮೇಲೆ ಒಂದು ವಾಸನೆ ಮಾತ್ರ ಉಳಿಯುತ್ತದೆ. ಆಗ ತಾನೆ ಕುಯ್ದ ಹಸಿ ಸೊಪ್ಪಿನ ವಾಸನೆ.

ಅದು ಹಿಪ್ಪುನೇರಳೆ ಸೊಪ್ಪು. ರೇಷ್ಮೆ ಹುಳುವಿನ ಊಟ.

ಇವತ್ತು ನಾನು ಹೇಳಬೇಕೆಂದಿರುವುದು ಸೈಕಲ್ ಸವಾರಿಯ ವಿಷಯ. ಪಂದ್ಯದ ಸವಾರಿ ಅಲ್ಲ. ಊರೂರು ನೋಡುತ್ತ, ಸಿಕ್ಕಿದವರ ಹತ್ತಿರ ಮಾತಾಡುತ್ತ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಸವಾರಿ. ಮೈಸೂರು, ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. ನಿಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಲಾರಿ ಬಸ್ಸಿನ ಕಾಟವಿಲ್ಲದ ದಾರಿ ಯಾವುದಪ್ಪ ಎಂದು. ಫೋನನ್ನು ಕೇಳಿದರೆ ಅದು ಹೆದ್ದಾರಿಯನ್ನೇ ತೋರಿಸುತ್ತದೆ. ನನ್ನ ಉತ್ತರ ಬೇರೆ. ಸೊಪ್ಪು ಯಾವ ದಾರಿಯಲ್ಲಿ ಹೋಗುತ್ತದೋ ಆ ದಾರಿ ಹಿಡಿಯಿರಿ. ಸೊಪ್ಪು ಹೋಗುವ ಹೊತ್ತಿಗೇ ಹೊರಡಿ.

ಈ ಯೋಚನೆ ನನಗೆ ಬಂದದ್ದು ಬಹಳ ದೂರದ ಒಂದು ದೇಶದ ವಿಷಯ ಓದುವಾಗ. ಸ್ಪೇನಿನಲ್ಲಿ ರಿಯೋಹ ಎಂಬ ಸೀಮೆ ಇದೆ. ಎಬ್ರೋ ಎಂಬ ನದಿ. ನದಿಯ ಆಚೀಚೆ ದ್ರಾಕ್ಷಿ ತೋಟಗಳು. ಅಲ್ಲಿನ ದ್ರಾಕ್ಷಾರಸಕ್ಕೆ ಜಗತ್ತಿನಲ್ಲೆಲ್ಲ ಹೆಸರು. ಆ ತೋಟಗಳ ನಡುವೆ ಸೈಕಲ್ ಹೊಡೆಯಲೆಂದೇ ಬೇರೆ ಬೇರೆ ದೇಶದ ಜನ ಹೋಗುತ್ತಾರೆ. ನಾನು ಹೋದವನಲ್ಲ. ಆದರೆ ಓದುತ್ತ ಒಂದು ಮಾತು ಮನಸ್ಸಿಗೆ ಹೊಳೆಯಿತು. ಅಲ್ಲಿಯ ನೆಮ್ಮದಿಯ ದಾರಿಗಳು ಪ್ರವಾಸಿಗಳಿಗಾಗಿ ಹುಟ್ಟಿದವಲ್ಲ. ತೋಟಕ್ಕೆ ಹೋಗಿಬರಲು, ಕುಯ್ದ ದ್ರಾಕ್ಷಿಯನ್ನು ಊರಿಗೆ ತರಲು ರೈತರು ತುಳಿದೂ ತುಳಿದೂ ಬಿದ್ದ ಜಾಡುಗಳು. ಸೈಕಲ್ಲಿನವರು ಆಮೇಲೆ ಬಂದ ನೆಂಟರು.

ಆ ದೇಶದವರು ಇನ್ನೂ ಒಂದು ಕೆಲಸ ಮಾಡಿದ್ದಾರೆ. ರೈಲು ನಿಂತುಹೋದ ಹಳೆಯ ಹಳಿಗಳ ಜಾಗವನ್ನು 1993ರಿಂದ ಸೈಕಲ್ಲಿಗೆ, ಕಾಲ್ನಡಿಗೆಗೆ ಬಿಟ್ಟುಕೊಡುತ್ತ ಬಂದಿದ್ದಾರೆ. ಹಸಿರು ದಾರಿ ಎಂದು ಅದಕ್ಕೆ ಹೆಸರು. ಈಗ ಅಂಥ ದಾರಿ 3 ಸಾವಿರ ಕಿಲೋಮೀಟರ್ ದಾಟಿದೆ. ಕಾರಿನವರು ಸೈಕಲ್ಲನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕೆಂಬ ಕಾನೂನೂ ಅಲ್ಲಿದೆ. ನಮ್ಮ ಲೆಕ್ಕದಲ್ಲಿ ಮೂರು ಮೊಳಕ್ಕೂ ಹೆಚ್ಚು. ನಮ್ಮ ಕಡೆ ಲಾರಿಯವರು ಬಿಡುವ ಜಾಗವನ್ನು ಗೇಣಿನಲ್ಲಿ ಅಳೆಯಬೇಕು.

ಕೊಳ್ಳೇಗಾಲದಲ್ಲಿ ರೈಲು ಬಿಟ್ಟುಹೋದ ದಾರಿ ಇಲ್ಲ. ರೈಲು ಬಂದಿದ್ದರೆ ತಾನೆ ಬಿಟ್ಟುಹೋಗುವುದಕ್ಕೆ! ಆದರೆ ನಮಗೆ ನಾಲೆಯ ಏರಿಗಳಿವೆ. ದ್ರಾಕ್ಷಿ ಇಲ್ಲ, ಹಿಪ್ಪುನೇರಳೆ ಇದೆ. ದ್ರಾಕ್ಷಿಯ ಕುಯ್ಲು ವರ್ಷಕ್ಕೊಂದು ಸಲ. ನೀರಿರುವ ಹಿಪ್ಪುನೇರಳೆ ತೋಟದಲ್ಲಿ ವರ್ಷಕ್ಕೆ ಐದಾರು ಬೆಳೆ. ಹಾಗಾಗಿ ನಮ್ಮ ದಾರಿಗೆ ಬಿಡುವಿನ ತಿಂಗಳು ಅಂತ ಒಂದಿಲ್ಲ.

ಈವರೆಗೆ ಹೇಳಿದ್ದು ಇಷ್ಟು. ಒಳ್ಳೆಯ ಸೈಕಲ್ ದಾರಿ ಅಂದರೆ ಬೆಳೆ ಸಾಗಿಸಲು ಬಿದ್ದ ದಾರಿ. ನಮ್ಮ ಕಡೆ ಆ ಬೆಳೆ ಸೊಪ್ಪು. ಈಗ, ಸೊಪ್ಪು ಯಾಕೆ ಅಂಥ ದಾರಿಯನ್ನೇ, ಅಂಥ ಹೊತ್ತನ್ನೇ ಹುಡುಕುತ್ತದೆ? ಅದನ್ನು ನೋಡೋಣ.

ಹಿಪ್ಪುನೇರಳೆ ಎಲೆಯಲ್ಲಿ ಮುಕ್ಕಾಲು ಪಾಲು ನೀರು. ಬಿಸಿಲು ತಾಗಿದರೆ ಬಾಡುತ್ತದೆ. ಬಾಡಿದ ಸೊಪ್ಪನ್ನು ಹುಳು ಸರಿಯಾಗಿ ಮೇಯುವುದಿಲ್ಲ. ಅದಕ್ಕೇ ಕುಯ್ಯುವುದು ತಂಪು ಹೊತ್ತಿನಲ್ಲಿ. ಇನ್ನು ಲೆಕ್ಕ. ನಮ್ಮ ರೈತರು ಒಂದು ಮೊಟ್ಟೆ ಅಂದರೆ ಅದು ಒಂದೇ ಮೊಟ್ಟೆಯಲ್ಲ. ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ನಾನೂರೋ ಐನೂರೋ ಹುಳು. ಅಂಥ ನೂರು ಮೊಟ್ಟೆ ಮೇಯಿಸಿದರೆ ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಬೇಕು. ಆ ಒಂದು ಟನ್ನೂ ಯಾರದೋ ಬೆನ್ನ ಮೇಲೆ, ತಲೆಯ ಮೇಲೆ, ಕ್ಯಾರಿಯರಿನ ಮೇಲೆ ಬರಬೇಕು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಇದೆಯಲ್ಲ, ಅದರಲ್ಲೇ ಹುಳು ತನ್ನ ಜನ್ಮದ ಊಟದ ನೂರಕ್ಕೆ ಎಂಬತ್ತು ಪಾಲು ತಿಂದುಬಿಡುತ್ತದೆ. ಆ ವಾರ ಮನೆಮಂದಿಗೆ ನಿದ್ದೆ ಇಲ್ಲ. ಆ ವಾರವೇ ನಿಮಗೆ ದಾರಿಯಲ್ಲಿ ಪೊದೆಗಳು ಸಾಲಾಗಿ ಎದುರಾಗುವುದು.

ಹೆದ್ದಾರಿ ಯಾಕೆ ಬೇಡ ಎಂದು ಒಬ್ಬ ಸೊಪ್ಪಿನ ಸೈಕಲ್ಲಿನವರನ್ನು ಕೇಳಿದ್ದೆ. ಅವರು ನಕ್ಕು ಹೇಳಿದ್ದು ಇಷ್ಟು: "ಲಾರಿ ಗಾಳಿ ಒಡೆದ್ರೆ ಒರೆ ಎಳ್ಕಂಡೋಯ್ತದೆ ಸಾ. ನಾನು ಒಂದ್ ಕಡೆ, ಸೊಪ್ಪು ಒಂದ್ ಕಡೆ." ಹೊರೆ ಬಹಳ ಅಗಲ. ದೊಡ್ಡ ಗಾಡಿ ಪಕ್ಕದಲ್ಲಿ ಹೋದರೆ ಅದು ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಆದ್ದರಿಂದ ಸೊಪ್ಪು ಹೊತ್ತವರು ಲಾರಿ ಇಲ್ಲದ, ಏರು ಕಡಿಮೆ ಇರುವ, ಸಾಲುಮರದ ನೆರಳಿರುವ ದಾರಿ ಹುಡುಕುತ್ತಾರೆ. ಸೈಕಲ್ ಸವಾರನಿಗೆ ಬೇಕಾದದ್ದೂ ಅದೇ ಮೂರು ತಾನೆ?

ಒಂದು ಮಾತು ಒಪ್ಪಿಕೊಳ್ಳಬೇಕು. ಈಗ ಸೊಪ್ಪಿನ ಸೈಕಲ್ಲು ಕಡಿಮೆ. ಆ ಜಾಗಕ್ಕೆ ಟಿವಿಎಸ್ ಮೊಪೆಡ್ ಬಂದಿದೆ. ಎಲೆ ಬಿಡಿಸುವುದರ ಬದಲು ರೆಂಬೆಯನ್ನೇ ಕಡಿದು ಹಾಕುವುದು ಬಂದ ಮೇಲೆ ಹೊರೆ ಇನ್ನೂ ದೊಡ್ಡದಾಗಿದೆ. ಅರಿಶಿನ, ಬಾಳೆ, ಕಬ್ಬು ಬಂದು ಹಿಪ್ಪುನೇರಳೆ ಹಿಂದಿನಷ್ಟು ಇಲ್ಲ. ಆದರೆ ಹೊತ್ತು ಬದಲಾಗಿಲ್ಲ. ದಾರಿಯೂ ಬದಲಾಗಿಲ್ಲ.

ಸರಿ. ಸೊಪ್ಪಿಗೆ ತಂಪು ಹೊತ್ತು ಬೇಕು, ಲಾರಿ ಇಲ್ಲದ ದಾರಿ ಬೇಕು. ಇದು ಮನಸ್ಸಿನಲ್ಲಿರಲಿ. ಈಗ ಸೈಕಲ್ ಹತ್ತೋಣ.

ಮೊದಲು ಹೊಳೆಯ ಕಡೆ. ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು, ಹರಳೆ, ದಾಸನಪುರ, ಹಳೇಹಂಪಾಪುರ. ಕಾವೇರಿ ದಂಡೆಯ ಊರುಗಳು. ಇಲ್ಲಿ ನೆಲ ಮಟ್ಟಸ. ಗೇರಿಲ್ಲದ ಹಳೆಯ ಡಬಲ್ ಬಾರ್ ಸೈಕಲ್ಲೂ ಸಾಕು. ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ಕಬ್ಬು, ನಡುನಡುವೆ ಸೊಪ್ಪಿನ ತೋಟ. ಕಣ್ಣು ಮುಚ್ಚಿದರೂ ಯಾವ ಬೆಳೆಯ ಪಕ್ಕ ಹೋಗುತ್ತಿದ್ದೀರೆಂದು ತಿಳಿಯುತ್ತದೆ. ಗದ್ದೆಯ ಪಕ್ಕ ಗಾಳಿ ತಣ್ಣಗೆ, ಕೆಸರಿನ ವಾಸನೆ. ಕಬ್ಬಿನ ಪಕ್ಕ ಗಾಳಿಯೇ ಇಲ್ಲ, ಸೆಕೆ. ಸೊಪ್ಪಿನ ತೋಟ ಸೊಂಟದೆತ್ತರ. ಅಲ್ಲಿ ಗಾಳಿ ಮತ್ತೆ ಮುಖಕ್ಕೆ ಬಡಿಯುತ್ತದೆ.

ಕಬಿನಿ, ಕಾವೇರಿ ತುಂಬಿ ಅಣೆಕಟ್ಟೆಗಳ ಬಾಗಿಲು ತೆಗೆದ ವಾರ ಈ ಕಡೆ ಬರಬೇಡಿ. 2018ರಲ್ಲಿ, 2019ರಲ್ಲಿ ಈ ಊರುಗಳಿಗೆ ನೀರು ನುಗ್ಗಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ದಾರಿಯೂ ಬೇಡ. ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನಲ್ಲಿ ಹಾಡು ಜೋರು. ನಿಮ್ಮ ಬೆಲ್ಲು ಅವರಿಗೆ ಕೇಳುವುದಿಲ್ಲ.

ಇದೇ ಹೊಳೆಗುಂಟ ಮನಸ್ಸು ಮಾಡಿದರೆ ಸತ್ತೇಗಾಲ, ಅಲ್ಲಿಂದ ಶಿವನಸಮುದ್ರ. ಭರಚುಕ್ಕಿಯ ವಿಷಯ ನಾನು ಹೇಳಬೇಕಾಗಿಲ್ಲ. ಆದರೆ ಅಲ್ಲಿನ ಹಳೆಯ ಕಲ್ಲುಸೇತುವೆಯ ಹತ್ತಿರ ಸ್ವಲ್ಪ ನಿಲ್ಲಿ. ನಮ್ಮವರು ವೆಸ್ಲಿ ಸೇತುವೆ ಅನ್ನುವುದು. ನಿಜವಾದ ಹೆಸರು ವೆಲ್ಲೆಸ್ಲಿ. ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ್ದು. ವಯಸ್ಸು ಹತ್ತಿರ ಹತ್ತಿರ 200. ಕಲ್ಲುಕಂಬಗಳನ್ನು ಹೊಳೆಯ ಬಂಡೆಗೇ ಊರಿ, ಮೇಲೆ ಕಲ್ಲುತೊಲೆ ಹಾಸಿದ ಕೆಲಸ. ಅದನ್ನು ಕಟ್ಟುವಾಗ ಈ ನೆಲದಲ್ಲಿ ಸೈಕಲ್ಲೇ ಇರಲಿಲ್ಲ.

ಹೊಳೆಯ ದಾರಿ ಆಯಿತು. ಮಟ್ಟಸ ನೆಲ, ನೀರು, ನೆರಳು. ಎರಡನೆಯದು ಯಳಂದೂರಿನ ಕಡೆ. ನನಗೆ ಬಹಳ ಇಷ್ಟದ್ದು ಇದು. ಕೊಂಚ ಹೆಚ್ಚು ಹೊತ್ತು ಇಲ್ಲೇ ಇರುತ್ತೇನೆ, ಕ್ಷಮಿಸಿ.

ಕೊಳ್ಳೇಗಾಲದಿಂದ ಯಳಂದೂರು ಸುಮಾರು 15 ಕಿಲೋಮೀಟರ್. ಇಂದು ಒಂದು ಗಂಟೆಯ ಸವಾರಿ. ಆದರೆ 1956ರ ನವೆಂಬರಿಗೆ ಮೊದಲು ಇದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಪಯಣ. ಕೊಳ್ಳೇಗಾಲ ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರಿನಲ್ಲಿ. ಮದರಾಸಿನವರಿಗೆ ಆಗ ರೇಷ್ಮೆ ಬೆಳೆ ಅಂದರೆ ಕೊಳ್ಳೇಗಾಲವೇ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಗಡಿ ಇದ್ದರೇನು? ಸೊಪ್ಪು ಎರಡೂ ಕಡೆ ಒಂದೇ, ಮಾತೂ ಒಂದೇ.

ಈಗ ಈ ಎರಡು ಊರಿನ ನಡುವೆ ರಾಷ್ಟ್ರೀಯ ಹೆದ್ದಾರಿ ಇದೆ. ಬೆಂಗಳೂರಿನಿಂದ ಸತ್ಯಮಂಗಲದ ಘಟ್ಟಕ್ಕೆ ಹೋಗುವ ಲಾರಿಗಳೆಲ್ಲ ಅದರಲ್ಲೇ. ಅದನ್ನು ಬಿಡಿ. ಅಗರ, ಮಾಂಬಳ್ಳಿಯ ಬಳಿ ಗದ್ದೆಬಯಲಿಗೆ ಇಳಿಯಿರಿ. ನಾಲೆಯ ಏರಿ ಸಿಗುತ್ತದೆ. ಏರಿಯ ಮೇಲೆ ಡಾಂಬರಿಲ್ಲ, ಗಟ್ಟಿ ಮಣ್ಣು. ಜೊತೆಗೆ ಹಾದಿಯುದ್ದಕ್ಕೂ ಸುವರ್ಣಾವತಿ ಹತ್ತಿರದಲ್ಲೇ ಎಲ್ಲೋ ಹರಿಯುತ್ತಿರುತ್ತದೆ. ಹಳಬರು ಅದನ್ನು ಹೊನ್ನುಹೊಳೆ ಅನ್ನುತ್ತಾರೆ. ಬೇಸಿಗೆಯಲ್ಲಿ ಅದು ಹೊಳೆಯೋ ಹಳ್ಳವೋ ತಿಳಿಯುವುದಿಲ್ಲ. ಹೆಸರು ಮಾತ್ರ ಹೊನ್ನು.

ಯಳಂದೂರಿನ ಪೇಟೆಯೊಳಗೆ ಗೌರೀಶ್ವರ ದೇವಸ್ಥಾನ. ಅದರ ಮುಂದಿನದು ಬಳೆ ಮಂಟಪ. 1654ರ ಆಸುಪಾಸಿನಲ್ಲಿ ಮುದ್ದರಾಜ ಕಟ್ಟಿಸಿದ್ದು. ಒಂದರೊಳಗೊಂದು ಸೇರಿಕೊಂಡ ಕಲ್ಲಿನ ಬಳೆಗಳ ಸರಪಳಿ ಅದರ ಮೂಲೆಗಳಲ್ಲಿದೆ. ಬೆಸುಗೆ ಇಲ್ಲ, ಕೀಲಿಲ್ಲ. ನನ್ನ ಸೈಕಲ್ಲಿನ ಚೈನು ಮೂರು ವರ್ಷಕ್ಕೊಮ್ಮೆ ಕಡಿಯುತ್ತದೆ. ಆ ಕಲ್ಲಿನ ಸರಪಳಿ ನೋಡಿದಾಗೆಲ್ಲ ನನಗೆ ಹೊಟ್ಟೆಯುರಿ.

ಈ ಊರಿಗೆ ಇನ್ನೊಂದು ಹೆಸರೂ ಅಂಟಿಕೊಂಡಿದೆ. ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೇ ಶತಮಾನದ ಕೊನೆಯಲ್ಲಿ, ‘ಹದಿಬದೆಯ ಧರ್ಮ’ ಬರೆದವಳು. ಯಳಂದೂರಿನವಳು. ಅರಮನೆಯಲ್ಲಿ ರಾಣಿಯ ಎಲೆಅಡಿಕೆಯ ಸಂಚಿ ಹಿಡಿಯುವುದು ಅವಳ ಕೆಲಸ. ವೀಳ್ಯದೆಲೆ ಹೊತ್ತವಳ ಊರಿಗೆ ಹಿಪ್ಪುನೇರಳೆ ಎಲೆ ಹೊತ್ತವರ ಹಿಂದೆ ಹೋಗುತ್ತಿದ್ದೇನಲ್ಲ ಅನ್ನಿಸುತ್ತದೆ. ಇದಕ್ಕೆ ಅರ್ಥವೇನೂ ಇಲ್ಲ. ಪೆಡಲ್ ತುಳಿಯುವಾಗ ತಲೆಗೆ ಇಂಥವೇ ಬರುವುದು.

ಯಳಂದೂರು ಸಣ್ಣ ತಾಲ್ಲೂಕು. ಕೆಸ್ತೂರು, ಅಂಬಳೆ, ಹೊನ್ನೂರು ಎಂದು ಊರಿಂದೂರಿಗೆ ಸುತ್ತಿದರೆ ಒಂದು ಬೆಳಗಿನಲ್ಲಿ ಅರ್ಧ ತಾಲ್ಲೂಕು ಮುಗಿಯುತ್ತದೆ. ಉದ್ದಕ್ಕೂ ಬಿಳಿಗಿರಿರಂಗನ ಬೆಟ್ಟ ಜೊತೆಗಿರುತ್ತದೆ. ದಾರಿ ತಪ್ಪುವ ಭಯವಿಲ್ಲ. ಬೆಟ್ಟ ಹತ್ತುವ ಆಸೆ ಬೇಡ. ಗುಂಬಳ್ಳಿಯ ಚೆಕ್‌ಪೋಸ್ಟಿಗೆ ಸೈಕಲ್ಲಿನ ದಾರಿ ಮುಗಿಯಿತೆಂದುಕೊಳ್ಳಿ. ಆಚೆಗೆ 2011ರಿಂದ ಹುಲಿ ಸಂರಕ್ಷಿತ ಕಾಡು. ಆನೆಯೆದುರು ಹದಿನೆಂಟು ಗೇರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ಕಡೆಯ ಒಂದು ಊರಿನಲ್ಲಿ ನನಗೊಂದು ಪಾಠವಾಯಿತು. ಜಾಲಿಮುಳ್ಳು ಚುಚ್ಚಿ ಟ್ಯೂಬು ಪಂಚರ್. ಸೈಕಲ್ ತಳ್ಳಿಕೊಂಡು ಹೋಗಿ ಒಂದು ಮನೆಯ ಜಗಲಿಯಲ್ಲಿ ಕೂತೆ. ಪಕ್ಕದಲ್ಲೇ ಉದ್ದನೆಯ ಹುಳುಮನೆ. ಕಿಟಕಿಗೆಲ್ಲ ನೊಣದ ಪರದೆ. ರೇಷ್ಮೆ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಿದ್ದ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕೇಳಿರಲಿಲ್ಲ. ಪಂಚರಿಗೆ ಹಚ್ಚಿದ ಸೊಲ್ಯೂಷನ್ ಒಣಗುವವರೆಗೆ ಒಂದು ಗಳಿಗೆ ಕೇಳಿಬರೋಣವೆಂದು ಎದ್ದೆ. ಬಾಗಿಲಲ್ಲಿ ಆ ಮನೆಯ ಹೆಂಗಸು ಕೈ ಅಡ್ಡ ಹಿಡಿದರು.

"ನಿಂತ್ಕಳಿ ಸಾ, ಒಳಿಕ್ ಬರ್ಬೇಡಿ. ಮೈಗೇನೋ ಅಚ್ಕಂಡಿದ್ದರಿ?"

"ಸೊಳ್ಳೆಗೆ ಹಚ್ಚುವ ಕ್ರೀಮು ಕಣವ್ವ."

"ಅದು ಸೊಳ್ಳೆಗಾದ್ರೇನು, ಉಳಕ್ಕಾದ್ರೇನು! ನಾಕ್ನೇ ಜ್ವರ ಎದ್ದವೆ. ತಿಂಗ್ಳ ಗೇಮೆ ಓದದು."

ಅವರು ಹೇಳಿದ್ದು ಸರಿ. ಸೊಳ್ಳೆಯನ್ನು ಓಡಿಸುವ ಮದ್ದು ಹುಳುವನ್ನು ಬಿಟ್ಟೀತೇ? ಬೀಡಿಯ ಹೊಗೆ, ಹೊಗೆಸೊಪ್ಪಿನ ಕೈ, ಇವೂ ಹುಳುವಿಗೆ ಆಗದು. ನಾನು ಜಗಲಿಗೆ ವಾಪಸು ಬಂದೆ. ಅವರು ಕೈ ತೊಳೆದು ಬಂದು ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟರು. ಹುಳುಮನೆಯ ಸದ್ದು ಜಗಲಿಗೆ ಕೇಳಲಿಲ್ಲ. ಕಿವಿಗೊಟ್ಟು ಕೂತಿದ್ದೆ. ಕೋಳಿ ಕೂಗಿತು, ದೂರದಲ್ಲಿ ಪಂಪ್‌ಸೆಟ್ ಓಡುತ್ತಿತ್ತು, ಅಷ್ಟೇ. ಅಂದಿನಿಂದ ಸವಾರಿಗೆ ಹೊರಡುವಾಗ ಮೈಗೆ ಏನೂ ಹಚ್ಚುವುದಿಲ್ಲ. ಸೊಳ್ಳೆ ಕಚ್ಚಿದರೆ ಕಚ್ಚಲಿ.

ಇಲ್ಲಿಗೆ ಎರಡು ದಾರಿ ಆಯಿತು. ಕಾವೇರಿಯ ದಂಡೆ, ಸುವರ್ಣಾವತಿಯ ಬಯಲು. ಎರಡರಲ್ಲೂ ನೀರು ಜೊತೆಗಿತ್ತು. ಮೂರನೆಯದರಲ್ಲಿ ನೀರು ನಿಮ್ಮ ಬಾಟಲಿನಲ್ಲಿರುವುದು ಮಾತ್ರ.

ಹನೂರು. ಈಚಿನ ವರ್ಷಗಳಲ್ಲಿ ತಾಲ್ಲೂಕಾದ ಊರು. ಕೊಳ್ಳೇಗಾಲದಿಂದ 25 ಕಿಲೋಮೀಟರ್. ಮಧುವನಹಳ್ಳಿ, ಕಾಮಗೆರೆ ದಾಟಿ ಹೋಗಬೇಕು. ಮಣ್ಣು ಕೆಂಪಾಗುತ್ತದೆ. ಗದ್ದೆ ಹಿಂದೆ ಉಳಿದು ರಾಗಿ, ಮುಸುಕಿನ ಜೋಳ ಬರುತ್ತದೆ. ಬೋರಿನ ನೀರಿರುವ ಕಡೆ ಮಾತ್ರ ಸೊಪ್ಪು. ಇದು ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆ ಎಂಬುದು ನೆನಪಿರಲಿ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಯ ಸುತ್ತಮುತ್ತ ಬಸ್ಸು, ಟೆಂಪೋ, ಕಾಲ್ನಡಿಗೆಯ ಭಕ್ತರು. ಕ್ಯಾಲೆಂಡರ್ ನೋಡಿ ಹೊರಡಿ. ಸೈಕಲ್ ಹೊಡೆಯುವವನಿಗೆ ಈ ಕಡೆ ಪಂಚಾಂಗ ಗೊತ್ತಿರಬೇಕು!

ಗಾಳಿಯೂ ಗೊತ್ತಿರಬೇಕು. ಆಷಾಢದಲ್ಲಿ ಗಾಳಿ ಪಡುವಲಿನಿಂದ ಬೀಸುತ್ತದೆ. ಹನೂರಿಗೆ ಹೋಗುವಾಗ ಬೆನ್ನಿಗೆ ಕೈಯಿಟ್ಟು ತಳ್ಳುತ್ತದೆ. ನನ್ನ ಕಾಲಿಗೆ ಎಷ್ಟು ಶಕ್ತಿ ಬಂತಪ್ಪ ಎಂದು ನೀವು ಹಿಗ್ಗುತ್ತೀರಿ. ವಾಪಸು ತಿರುಗಿದಾಗ ಸತ್ಯ ತಿಳಿಯುತ್ತದೆ.

ಹನೂರಿನಿಂದ ಲೊಕ್ಕನಹಳ್ಳಿ, ಅಲ್ಲಿಂದ ಒಡೆಯರಪಾಳ್ಯ. ನೆಲ ಏರುತ್ತ ಹೋಗುತ್ತದೆ. ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನವರು ನೆಲೆಸಿದ್ದಾರೆ. ದಾರಿಯ ಪಕ್ಕ ಮುಸುಕಿನ ಜೋಳದ ಹೊಲ, ಹೊಲದಾಚೆ ಬಣ್ಣದ ಬಟ್ಟೆತುಂಡುಗಳ ಸಾಲು ಗಾಳಿಗೆ ಪಟಪಟ. ಚಹಾ ಅಂಗಡಿಯಲ್ಲಿ ಟಿಬೆಟಿನ ಅಜ್ಜಿಯೊಬ್ಬರು ನಮ್ಮದೇ ಕನ್ನಡದಲ್ಲಿ ಚಿಲ್ಲರೆ ಕೇಳುತ್ತಾರೆ. ಆದರೆ ಇಲ್ಲಿ ಎರಡೂ ಕಡೆ ಕಾಡು. ಆನೆ ಓಡಾಡುವ ಜಾಗ. ಬೆಳಕು ಚೆನ್ನಾಗಿ ಹರಿದ ಮೇಲೆ ಹೋಗಿ, ಹೊತ್ತು ಇಳಿಯುವ ಮೊದಲೇ ಇಳಿದುಬಿಡಿ. ಸೊಪ್ಪಿನ ಹೊತ್ತು ಈ ಒಂದು ದಾರಿಗೆ ಮಾತ್ರ ನಡೆಯುವುದಿಲ್ಲ. ಇಲ್ಲಿಯ ರೈತರೂ ಮಬ್ಬಿನಲ್ಲಿ ಒಬ್ಬೊಬ್ಬರೇ ಹೊರಡುವುದಿಲ್ಲ.

ಮೂರು ದಾರಿಯೂ ಆಯಿತು. ಹೊಳೆ, ಬಯಲು, ಕೆಂಪು ನೆಲ. ಈ ಮೂರೂ ಕಡೆಯ ಸೊಪ್ಪು ಹುಳುಮನೆಗಳಿಗೆ ಹೋಯಿತಲ್ಲ. ಅದು ವಾಪಸು ಬರುವುದನ್ನೂ ನೋಡಬೇಕು.

ಮರಿ ಹುಳು ಮನೆಗೆ ಬಂದು ಮೂರು ವಾರದಲ್ಲಿ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಅದು ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಆಮೇಲೆ ಅದೇ ದಾರಿ, ಅದೇ ಕ್ಯಾರಿಯರು. ಹೋಗುವಾಗ ದೊಡ್ಡ ಹಸಿರು ಹೊರೆ. ಬರುವಾಗ ಅಷ್ಟೇ ದೊಡ್ಡದಾಗಿ ಉಬ್ಬಿದ ಬಟ್ಟೆಯ ಗಂಟು. ಆದರೆ ಹಗುರ. ಒಂದು ಟನ್ ಸೊಪ್ಪು ತಿಂದದ್ದು ಅರವತ್ತು ಎಪ್ಪತ್ತು ಕೆಜಿ ಗೂಡಾಗಿ ಬರುತ್ತದೆ.

ಹನೂರಿನ ಗಾಳಿಯನ್ನು ಮುಖಕ್ಕೆ ತಿಂದು ಸುಸ್ತಾಗಿ ಬಂದ ಒಂದು ದಿನ, ಅಂಥ ಗಂಟಿನ ಹಿಂದೆಯೇ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋದೆ. ಒಳಗೆ ತಟ್ಟೆಗಳ ಸಾಲು. ಮಿಶ್ರತಳಿಯ ಗೂಡು ಹಳದಿ, ಇನ್ನೊಂದು ತಳಿಯದು ಅಚ್ಚ ಬಿಳಿ. ಒದ್ದೆ ನಾರಿನಂಥ ಒಂದು ಕಮಟು ವಾಸನೆ. ನೂಲು ತೆಗೆಯುವ ರೀಲರುಗಳು ತಟ್ಟೆಯಿಂದ ತಟ್ಟೆಗೆ ಹೋಗಿ ಗೂಡಿನ ರಾಶಿಯೊಳಗೆ ಕೈ ಇಳಿಸುತ್ತಾರೆ. ಒಂದು ಗೂಡು ಎತ್ತುತ್ತಾರೆ. ಬೆರಳಲ್ಲಿ ಒತ್ತಿ ನೋಡುತ್ತಾರೆ. ಮತ್ತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಿಯ ವ್ಯಾಪಾರದಲ್ಲಿ ಕಿವಿಗೂ ಕೆಲಸವಿದೆ.

ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತದ್ದನ್ನು ನೋಡಿ ಒಬ್ಬ ವಯಸ್ಸಾದ ರೀಲರು ಹತ್ತಿರ ಕರೆದರು. "ಬನ್ನಿ ಸಾ" ಅಂದರು. ನಾನು ಹಿಂದೆ ಸರಿದು, "ಬೆಳಿಗ್ಗೆ ಮೈಗೆ ಏನೂ ಹಚ್ಚಿಲ್ಲ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಒಂದು ಹಳದಿ ಗೂಡನ್ನು ನನ್ನ ಕಿವಿಗೆ ತಾಗುವ ಹಾಗೆ ಹಿಡಿದು ಅಲ್ಲಾಡಿಸಿದರು.

ಒಳಗಿನಿಂದ ಕೇಳಿಸಿತು. ಟಕ್. ಟಕ್.